ನಾಲ್ಕನೆಯ ಚರಣ

ಹೊನ್ನಾವರದಲ್ಲಿ ಕೃಷ್ಣ ಬೆಣ್ಣೆ ಕದ್ದು ಒಂಬತ್ತು ವರ್ಷ ಸಿಕ್ಕಿಬೀಳದೆ ತಿರುಗಾಡಿಕೊಂಡಿದ್ದ. ಇದಕ್ಕೆ ಕೃಷ್ಣನ ಜಾಣತನ ಕಾರಣವಲ್ಲ, ಹರಿಹರ ಮಾಸ್ತರರ ಪಾಠದ ಕ್ರಮ ಕಾರಣ. ಊರ ಹೆಣ್ಣುಮಕ್ಕಳಿಗೆ ಅವರು ಕಲಿಸುತ್ತಿದ್ದ ದೇವರನಾಮಕ್ಕೆ ಐದು ಚರಣ. ಮೊದಲನೆಯದರಲ್ಲಿ ಕೃಷ್ಣ ಬೆಣ್ಣೆ ಕದಿಯುತ್ತಾನೆ. ಎರಡನೆಯದರಲ್ಲಿ ಗೋಪಿಯರು ಬಂದು ಚಾಡಿ ಹೇಳುತ್ತಾರೆ, ಮೂರನೆಯದರಲ್ಲಿ ಯಶೋದೆ ಬೆನ್ನಟ್ಟುತ್ತಾಳೆ, ನಾಲ್ಕನೆಯದರಲ್ಲಿ ಹಿಡಿದು ಕಟ್ಟುತ್ತಾಳೆ, ಐದನೆಯದರಲ್ಲಿ ಹಾಡು ಕಟ್ಟಿದ ದಾಸರು ತಮ್ಮ ಅಂಕಿತ ಹಾಕಿ ಕೈಮುಗಿಯುತ್ತಾರೆ. ಮಾಸ್ತರರು ಕಲಿಸುತ್ತಿದ್ದದ್ದು ಪಲ್ಲವಿ ಮತ್ತು ಮೊದಲ ಚರಣ. ಅಷ್ಟಿದ್ದರೆ ಹೆಣ್ಣು ನೋಡುವ ಕೆಲಸ ಸಾಂಗವಾಗಿ ಮುಗಿಯುತ್ತಿತ್ತು.

ನೋಡಲು ಬಂದವರೆದುರು ಹುಡುಗಿ ಒಂದು ದೇವರನಾಮ ಹೇಳಬೇಕು ಎಂಬುದು ಎಲ್ಲೂ ಬರೆದಿಡದ ಕಾನೂನು. ಹಾಡಿಸುವುದು ಹಾಡು ಕೇಳಲಿಕ್ಕೆ ಎಂದು ತಿಳಿದವನು ಮೂರ್ಖ. ಹುಡುಗಿ ಮೂಕಿಯಲ್ಲ, ಉಬ್ಬಸವಿಲ್ಲ, ಹಲ್ಲು ಸಾಲಾಗಿವೆ, ಹಿರಿಯರೆದುರು ತಲೆಯೆತ್ತುವುದಿಲ್ಲ ಎಂಬ ನಾಲ್ಕು ವಿಷಯ ಒಂದೇ ಏಟಿಗೆ ಇತ್ಯರ್ಥವಾಗುತ್ತವೆ. ಪಲ್ಲವಿಗೆ ಗಂಡಿನ ತಾಯಿ ಹಲ್ಲು ನೋಡುತ್ತಾಳೆ. ಚರಣಕ್ಕೆ ಗಂಡಿನ ತಂದೆ ಗಡಿಯಾರ ನೋಡುತ್ತಾನೆ. ಅಷ್ಟರಲ್ಲಿ ಒಳಗಿನಿಂದ ಉಪ್ಪಿಟ್ಟಿನ ವಾಸನೆ ಬರುತ್ತದೆ, ಯಾರೋ ಹಿರಿಯರು "ಸಾಕು ತಂಗಿ, ಚೊಲೋ ಆತು" ಎನ್ನುತ್ತಾರೆ. ಒಂಬತ್ತು ವರ್ಷದಲ್ಲಿ ಈ "ಸಾಕು" ಎರಡನೆಯ ಚರಣದವರೆಗೆ ತಡೆದದ್ದು ಒಂದು ಸಲವೂ ಇಲ್ಲ. ಮಾಸ್ತರರು ಒಳಬಾಗಿಲ ಹಿಂದೆ ಕೂತು ಶ್ರುತಿಪೆಟ್ಟಿಗೆ ಒತ್ತುತ್ತಿದ್ದರು, "ಸಾಕು" ಬಂದಾಗ ಪೆಟ್ಟಿಗೆ ಮಡಚುತ್ತಿದ್ದರು, ಅವರ ಪಾಲಿನ ಉಪ್ಪಿಟ್ಟು ಅಲ್ಲಿಗೇ ಬರುತ್ತಿತ್ತು.

ಅವರು ಹೀಗಾಗಬೇಕೆಂದು ಹೊರಟವರಲ್ಲ. ಹದಿನೈದರ ವಯಸ್ಸಿನಲ್ಲಿ ಮೈಸೂರಿಗೆ ಹೋಗಿ ಒಬ್ಬ ವಿದ್ವಾಂಸರ ಮನೆಯಲ್ಲಿ ಅಡುಗೆಗೆ ನಿಂತರು. ಮೊದಲು ಒಲೆಯ ಮುಂದೆ ಕೂತು ಪಾಠ ಕೇಳಿದರು. ಒಂದು ದಿನ ಸಾರು ಕುದಿಸುತ್ತ ಶಿಷ್ಯನೊಬ್ಬನ ತಪ್ಪನ್ನು ಅಲ್ಲಿಂದಲೇ ತಿದ್ದಿದರು. ವಿದ್ವಾಂಸರು ಎದ್ದು ಅಡುಗೆಮನೆಗೆ ಬಂದು, ಸಾರಿನ ರುಚಿ ನೋಡಿ, "ನಾಳೆಯಿಂದ ತಂಬೂರಿ ಹಿಡಿ" ಎಂದರು. ಅಲ್ಲಿಂದ ವಿದ್ವಾಂಸರು ತೀರಿಕೊಳ್ಳುವವರೆಗೆ, ಮೂವತ್ತು ವರ್ಷ, ಹರಿಹರ ಭಟ್ಟರು ಅವರಿಗೆ ಅಡುಗೆ ಮಾಡಿದರು, ಅವರ ಹಿಂದೆ ಕೂತು ಹಾಡಿದರು. ಈ ಐದು ಚರಣದ ಹಾಡು ವಿದ್ವಾಂಸರಿಗೆ ಅವರ ಅಜ್ಜಿಯ ಬಾಯಿಂದ ಬಂದದ್ದು. ಯಾವ ಪುಸ್ತಕದಲ್ಲೂ ಇರಲಿಲ್ಲ. ಅದಕ್ಕೆ ಐದು ರಾಗ ಕೂಡಿಸಿದವರು ವಿದ್ವಾಂಸರೇ. ಕಚೇರಿಯ ಕೊನೆಯಲ್ಲಿ, ಎದ್ದು ಹೋಗುವವರೆಲ್ಲ ಎದ್ದು ಹೋದ ಮೇಲೆ, ಉಳಿದವರಿಗೆ ಅದನ್ನು ಹಾಡುತ್ತಿದ್ದರು. ಅಂಕಿತದ ಚರಣ ಹಾಡದೆ ದೇವರನಾಮ ನಿಲ್ಲಿಸುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಅದು ಕಾಗದ ಬರೆದು ರುಜು ಹಾಕದೆ ಟಪಾಲಿಗೆ ಹಾಕಿದ ಹಾಗೆ ಎನ್ನುತ್ತಿದ್ದರು.

ವಿದ್ವಾಂಸರು ಹೋದರು. ಅವರ ಮಕ್ಕಳಲ್ಲಿ ಒಬ್ಬನೂ ಹಾಡುವವನಲ್ಲ, ಶಿಷ್ಯರಲ್ಲಿ ಆ ಹಾಡು ಪೂರ್ತಿ ಕಲಿತವರು ಹರಿಹರ ಭಟ್ಟರೊಬ್ಬರೇ. ಅದೇ ಹೊತ್ತಿಗೆ ಮುಂಬಯಿ ಇಲಾಖೆಗೆ ಸೇರಿದ್ದ ನಮ್ಮ ಜಿಲ್ಲೆಯೂ ಮೈಸೂರೂ ಸೇರಿ ಒಂದೇ ರಾಜ್ಯವಾದವು. ಇನ್ನು ತನ್ನ ಊರಿನಲ್ಲೂ ಈ ಸಂಗೀತ ನಡೆಯುತ್ತದೆ ಎಂದುಕೊಂಡು ಹರಿಹರ ಭಟ್ಟರು ೧೯೫೭ರಲ್ಲಿ ತಂಬೂರಿ ಕಟ್ಟಿಕೊಂಡು ಹೊನ್ನಾವರಕ್ಕೆ ಬಂದಿಳಿದರು. ರಾಜ್ಯ ಒಂದಾದ ಸುದ್ದಿಯನ್ನು ಇಲ್ಲಿನ ಕಿವಿಗಳಿಗೆ ಯಾರೂ ತಿಳಿಸಿರಲಿಲ್ಲ. ಹಾರ್ಮೋನಿಯಂ ಕೇಳಿ, ನಾಟಕದ ಹಾಡು ಕೇಳಿ ಬೆಳೆದ ಊರು ಇದು. ಸ್ವರ ಅಲುಗಾಡಿತೆಂದರೆ ಹಾಡುವವನ ಮೈ ಹುಷಾರಿಲ್ಲ ಎಂದೇ ಇಲ್ಲಿಯ ಲೆಕ್ಕ. ಶಾಲೆಯ ಸಭಾಗೃಹದಲ್ಲಿ ಮಾಸ್ತರರ ಮೊದಲ ಕಚೇರಿ ನಡೆದಾಗ ಅವರು ತೋಡಿ ರಾಗವನ್ನು ಅರ್ಧ ಗಂಟೆ ವಿಸ್ತರಿಸಿದರು. ಶಾಲೆಯ ಜವಾನ ತಿಮ್ಮ ತಡೆಯಲಾರದೆ ಒಂದು ಲೋಟ ಬಿಸಿ ಕಷಾಯ ತಂದು ಮುಂದಿಟ್ಟ.

"ಗಂಟ್ಲು ಕಟ್ಕಂಡ್ರೆ ನಾಳಿಗೆ ಹಾಡಿ ಭಟ್ರೆ. ಇವತ್ತೇ ಆಗ್ಬೇಕು ಅಂದೇಳಿ ಎಂತ ಇಲ್ಲ."

ಅದು ಅವರ ಮೊದಲ ಕಚೇರಿ, ಕೊನೆಯದೂ ಹೌದು. ಆ ದಿನ ಹಾಡಿದ್ದರಲ್ಲಿ ಊರಿಗೆ ಒಪ್ಪಿಗೆಯಾದದ್ದು ಒಂದೇ, ಈ ದೇವರನಾಮದ ಮೊದಲ ಚರಣ. ಅದು ಮೋಹನ ರಾಗದಲ್ಲಿತ್ತು. "ಇದು ನಮ್ಮ ಭೂಪ ರಾಗವೇ ಅಲ್ಲವೋ" ಎಂದು ಸಭಿಕರು ಕಳೆದುಹೋದ ಎಮ್ಮೆ ಸಿಕ್ಕವರ ಹಾಗೆ ಸಂತೋಷಪಟ್ಟರು. ಮರುವಾರ ಒಬ್ಬರು ಬಂದು, ಮಗಳನ್ನು ನೋಡಲು ಬರುವವರಿದ್ದಾರೆ, ಆ ಹಾಡು ಒಂದಿಷ್ಟು ಹೇಳಿಕೊಡಿ ಎಂದರು. ಆ ಮದುವೆ ನಿಶ್ಚಯವಾಯಿತು. ಇನ್ನೊಂದು ಮನೆಯವರು ಬಂದರು. ಅಲ್ಲೂ ನಿಶ್ಚಯವಾಯಿತು. ಹರಿಹರ ಮಾಸ್ತರರ ಹಾಡು ಕಲಿತ ಕೂಸಿಗೆ ಆರು ತಿಂಗಳಲ್ಲಿ ಮಾಂಗಲ್ಯ ಎಂಬ ಮಾತು ಹೊಳೆಯಾಚೆಯ ಕಾಸರಕೋಡ ದಾಟಿ ಭಟ್ಕಳದವರೆಗೂ ಹೋಯಿತು. ಅನ್ನಕ್ಕೆ ದಾರಿಯಾಯಿತು. ಮೊದಮೊದಲು ಪ್ರತಿ "ಸಾಕು"ವಿಗೂ ಅವರಿಗೆ ಎದೆಯಲ್ಲಿ ಚುಚ್ಚುತ್ತಿತ್ತು. ಆಮೇಲೆ ಉಪ್ಪಿಟ್ಟಿಗೆ ಗೋಡಂಬಿ ಹಾಕಿದ್ದಾರೋ ಇಲ್ಲವೋ ಎಂಬುದರ ಕಡೆ ಗಮನ ಹೋಗತೊಡಗಿತು. ಮನುಷ್ಯ ಕೆಡುವುದು ಹೀಗೆಯೇ.

ಗಂಗಾ ಪಾಠಕ್ಕೆ ಬಂದದ್ದು ೧೯೬೪ರ ಮಳೆಗಾಲದಲ್ಲಿ. ಮಾಮಲೇದಾರ ಕಚೇರಿಯಲ್ಲಿ ಕಾರಕೂನರಾಗಿದ್ದ ವೆಂಕಟ್ರಮಣ ಹೆಗಡೆಯವರ ಮಗಳು. ಉಳಿದವರಿಗೆ ಹದಿನೈದು ದಿನ ಹಿಡಿಯುವ ಪಾಠವನ್ನು ಅವಳು ನಾಲ್ಕು ದಿನಕ್ಕೆ ಮುಗಿಸಿದಳು. ಐದನೆಯ ದಿನ ಮಾಸ್ತರರು ಶ್ರುತಿಪೆಟ್ಟಿಗೆ ಮಡಚಿ ಎದ್ದರು. ಅವಳು ಏಳಲಿಲ್ಲ.

"ಮಾಸ್ತರ್ರೆ, ಬೆಣ್ಣೆ ಕದ್ದವ ಮತ್ತೆ ಸಿಕ್ಕಿದ್ನಾ ಇಲ್ಯಾ?"

ಏಳು ವರ್ಷದಲ್ಲಿ ಅರುವತ್ತು ಎಪ್ಪತ್ತು ಹುಡುಗಿಯರು ಆ ಚರಣ ಕಲಿತು ಮದುವೆಯಾಗಿ ಹೋಗಿದ್ದರು. ಇದನ್ನು ಕೇಳಿದವಳು ಇವಳೊಬ್ಬಳೇ.

"ಸಿಕ್ತ," ಎಂದರು ಮಾಸ್ತರರು.

"ಯಾವಾಗ?"

"ನಾಲ್ಕನೇ ಚರಣದಲ್ಲಿ."

"ಹಂಗಾರೆ ಅಲ್ಲೀವರೆಗೆ ಹೇಳಿಕೊಡಿ."

ಮಾಸ್ತರರು ಮತ್ತೆ ಕೂತರು. ಎರಡನೆಯ ಚರಣ ಕಾಪಿ, ಮೂರನೆಯದು ಕಾನಡ. ನಾಲ್ಕನೆಯದು ಬೇಗಡೆ. ಬೇಗಡೆಯ ಮಧ್ಯಮ, ನಿಷಾದಗಳು ಬೇರೆ ಎಲ್ಲೂ ಸಿಗದ ಜಾಗದಲ್ಲಿ ಕೂತಿರುತ್ತವೆ, ಹಾರ್ಮೋನಿಯಂನ ಕಪ್ಪುಬಿಳಿ ಮನೆಗಳಲ್ಲಂತೂ ಇಲ್ಲವೇ ಇಲ್ಲ. ಆ ಚರಣದ ಕತೆಯೂ ಹಾಗೆಯೇ. ಯಶೋದೆ ಮಗನನ್ನು ಒರಳಿಗೆ ಕಟ್ಟಲು ಹೋಗುತ್ತಾಳೆ, ಹಗ್ಗ ಎರಡು ಬೆರಳು ಸಾಲದು. ಇನ್ನೊಂದು ಹಗ್ಗ ಗಂಟುಹಾಕುತ್ತಾಳೆ, ಮತ್ತೆ ಎರಡು ಬೆರಳು ಸಾಲದು. ಅಮ್ಮನ ಮುಖದ ಮೇಲೆ ಬೆವರು ಕಂಡು ಮಗನಿಗೆ ಪಾಪ ಅನ್ನಿಸಿ, ಉಸಿರು ಬಿಗಿಹಿಡಿದು ಹೊಟ್ಟೆ ಒಳಗೆಳೆದುಕೊಂಡು ತಾನೇ ಕಟ್ಟಿಸಿಕೊಳ್ಳುತ್ತಾನೆ. ಅಂಕಿತದ ಚರಣ ಗಂಗಾಳಿಗೆ ಅಷ್ಟರಲ್ಲಿ ಬಂದಾಗಿತ್ತು, ಬಾಕಿ ಉಳಿದದ್ದು ಇದೊಂದೇ. ದೀಪಾವಳಿಯ ಹಿಂದಿನ ದಿನ ಅವಳು ಆ ಸಾಲನ್ನು ಹಾಡಿದಾಗ ನಿಷಾದ ಕೂರಬೇಕಾದಲ್ಲೇ ಕೂತಿತು. "ಆತು" ಎಂದು ಹೇಳಿ ಮಾಸ್ತರರು ಬಾವಿಕಟ್ಟೆಗೆ ಹೋಗಿ ಮುಖ ತೊಳೆದುಕೊಂಡರು. ಅವರಿಗೆ ಅಳು ಬಂದಿತ್ತು. ಗುರುಗಳ ಹಾಡು ಪೂರ್ತಿ ಬರುವವರು ಈಗ ಭೂಮಿಯ ಮೇಲೆ ಇಬ್ಬರಾದರು, ತಾನು ಸತ್ತರೂ ಅದು ಸಾಯುವುದಿಲ್ಲ ಎಂಬುದು ಅವರಿಗೆ ಹೊಳೆದದ್ದು ಆ ಬಾವಿಕಟ್ಟೆಯ ಮೇಲೆ.

ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಗಂಗಾಳನ್ನು ನೋಡಲು ಮೊದಲು ಬಂದವರು ಭಟ್ಕಳದ ಹತ್ತಿರ ಹೆಬಳೆಯವರು. ಬಂದವರಿಗೆ ಸಂಜೆಯ ಲಾಂಚಿನಲ್ಲಿ ಶರಾವತಿ ದಾಟಿ ಕಾಸರಕೋಡದಲ್ಲಿ ಬಸ್ಸು ಹಿಡಿಯಬೇಕಿತ್ತು. ಮೊದಲ ಚರಣ ಮುಗಿಯಿತು. ಗಂಡಿನ ತಂದೆ "ಸಾಕು ತಂಗಿ" ಎಂದರು. ಗಂಗಾ ಎರಡನೆಯದು ಎತ್ತಿಕೊಂಡಳು. ಅವರು ಇನ್ನಷ್ಟು ದೊಡ್ಡ ದನಿಯಲ್ಲಿ "ಸಾಕು" ಎಂದರು. ಅವಳು ಮೂರನೆಯದಕ್ಕೆ ಹೋದಳು. ಯಶೋದೆ ಬೆನ್ನಟ್ಟುತ್ತಿರುವಾಗ ಲಾಂಚಿನ ಹೊತ್ತಾಯಿತೆಂದು ನಾಲ್ಕೂ ಜನ ಎದ್ದು ಚಪ್ಪಲಿ ಮೆಟ್ಟಿ ನಡೆದರು. ವಾರದಲ್ಲಿ ಕಾಗದ ಬಂತು. "ಕನ್ಯೆ ಲಕ್ಷಣವಾಗಿದ್ದಾಳೆ. ಕಿವಿಯ ವಿಷಯ ತಾವು ಮೊದಲೇ ತಿಳಿಸಬಹುದಿತ್ತು."

ಯಾಕೆ ನಿಲ್ಲಿಸಲಿಲ್ಲ ಎಂದು ತಾಯಿ ಮಹಾಲಕ್ಷ್ಮೀ ಕೇಳಿದ್ದಕ್ಕೆ ಗಂಗಾ, "ಓಡ್ತಾ ಇಪ್ಪವನ್ನ ನಡೂ ದಾರೀಲಿ ಬಿಟ್ಟಿಕ್ಕೆ ಹೆಂಗೆ ನಿಲ್ಸದು ಆಯಿ?" ಎಂದಳು.

ಎರಡನೆಯ ಸಲ ಬಂದವರು ಸುದ್ದಿ ಕೇಳಿಕೊಂಡೇ ಬಂದಿದ್ದರು. ಹುಡುಗಿಯ ಹೆಸರನ್ನು ಹೊಳೆಯ ಆಚೆ ದಡದವರನ್ನು ಕರೆದ ಹಾಗೆ ಕೂಗಿ ಕೇಳಿದರು. ಅವಳು ಹಾಡುತ್ತ ಕಣ್ಣುಮುಚ್ಚಿ ಮೂರನೆಯ ಚರಣದಲ್ಲಿದ್ದಾಗ, ಬಂದವರಲ್ಲಿ ಒಬ್ಬ ಜಾಣ ಹಿಂದಿನಿಂದ ಹೋಗಿ ಹಿತ್ತಾಳೆ ತಂಬಿಗೆಯೊಂದನ್ನು ನೆಲಕ್ಕೆ ಬಿಟ್ಟ. ಮಹಾಲಕ್ಷ್ಮಿಯ ಕೈಯಿಂದ ಸಕ್ಕರೆ ಚೆಲ್ಲಿತು, ಹಿತ್ತಲಲ್ಲಿ ನಾಯಿ ಬೊಗಳಿತು. ಗಂಗಾ ತಿರುಗಿ ನೋಡಲಿಲ್ಲ. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದರು. ಹೀಗೆ ವಿಷಯ ಸಾಕ್ಷಿ ಸಮೇತ ರುಜುವಾತಾಯಿತು.

ಅದಾದ ಮೇಲೆ ಮೂರು ಮನೆಯವರು ಮಾಸ್ತರರ ಪಾಠ ಬಿಡಿಸಿದರು. ಆ ಸಂಗೀತದಿಂದ ಹುಡುಗಿಯರ ಕಿವಿ ಹೋಗುತ್ತದಂತೆ ಎಂದು ಬಂದರದಲ್ಲಿ ಮಾತಾಡಿಕೊಂಡರು. ವೆಂಕಟ್ರಮಣ ಹೆಗಡೆಯವರು ಸಿಟ್ಟು ಮಾಡುವ ಜನವಲ್ಲ. ಒಂದು ಭಾನುವಾರ ಬೆಳಿಗ್ಗೆ ಮಾಸ್ತರರ ಬಾಡಿಗೆ ಕೋಣೆಗೆ ಬಂದು, ಚಾಪೆಯ ತುದಿಯಲ್ಲಿ ಕೂತು, ಬಹಳ ಹೊತ್ತು ತಂಬೂರಿ ನೋಡಿದರು.

"ಮಾಸ್ತರ್ರೆ, ನಿಂಗ ಗಂಗಾಂಗೆ ಹಾಡದು ಕಲಿಸಿದ್ರಿ. ನಿಲ್ಸದು ಕಲಿಸಿದ್ರಿಲ್ಲೆ."

ಹೆಗಡೆಯವರು ತಂಬೂರಿಯಿಂದ ಕಣ್ಣು ತೆಗೆದು ಮಾಸ್ತರರನ್ನು ನೋಡಿದರು.

"ಕುಮಟೆಯಿಂದ ಒಂದು ಸಂಬಂಧ ಬಂಜು. ಮಾಣಿ ಹೈಸ್ಕೂಲ್ ಮಾಸ್ತರ, ಶಾಂತಾರಾಮ ಹೇಳಿ. ಅವನ ಸೋದರತ್ತೆ ಶ್ರೀಮತಕ್ಕ ಬತ್ತು. ಅದು ಹೂಂ ಹೇಳಿದ್ರೆ ಹೂಂ, ಇಲ್ಲೆ ಹೇಳಿದ್ರೆ ಇಲ್ಲೆ. ಒಂದು ಚರಣ, ಅಷ್ಟೇಯ. ಈ ಸಲಾನೂ ಹಿಂಗೇ ಆದ್ರೆ ಗಂಗಾಂಗೆ ಇನ್ನು ಸಂಗೀತ ಬ್ಯಾಡ. ಮನೇಲಿ ಒಬ್ಬಳೇ ಇಪ್ಪಾಗೂ ಅದು ಹಾಡೂದು ಬ್ಯಾಡ. ನಾನು ಅಪ್ಪ ಆಗಿ ಹೇಳ್ತಾ ಇದ್ದಿ."

ಮಾಸ್ತರರು ಮಾತು ಕೊಟ್ಟರು. ಕೊಡದೆ ಬೇರೆ ದಾರಿ ಇರಲಿಲ್ಲ. ಹುಡುಗಿಯ ಬಾಯಿಗೆ ಬೀಗ ಬಿದ್ದರೆ ಹಾಡಿನ ಕತೆ ಮುಗಿದ ಹಾಗೆ. ಅದು ಪೂರ್ತಿ ಬರುವ ಇಬ್ಬರಲ್ಲಿ ಒಬ್ಬರಿಗೆ ಆಗಲೇ ಐವತ್ತೊಂಬತ್ತು ನಡೆಯುತ್ತಿತ್ತು.

ಅದೇ ಸಂಜೆ ಅವರು ಗಂಗಾಳಿಗೆ ಹೇಳಿದರು. "ಮೊದಲನೇ ಚರಣ ಆದ ಕೂಡಲೇ ನಿಲ್ಸು. ಯಾರೂ ಸಾಕು ಹೇಳೂಲೆ ಕಾಯಡ."

"ಮುಂದಿಂದು ಹಾಡು ಹೇಳಿ ಕೇಳಿದ್ರೆ?"

"ಯಾರೂ ಕೇಳ್ತ್ವಿಲ್ಲೆ. ಕೇಳಿದ್ರೂ ಬತ್ತಿಲ್ಲೆ ಹೇಳು."

ಗಂಗಾ ಅವರ ಮುಖವನ್ನೇ ನೋಡಿದಳು. ಅವರು ಶ್ರುತಿಪೆಟ್ಟಿಗೆಯ ಧೂಳು ಒರೆಸತೊಡಗಿದರು. ಅದರಲ್ಲಿ ಧೂಳಿರಲಿಲ್ಲ.

"ಆತು," ಎಂದಳು.

೧೯೬೬ರ ಫೆಬ್ರವರಿಯ ಒಂದು ಮಧ್ಯಾಹ್ನ ಕುಮಟೆಯವರು ಬಂದರು. ಶ್ರೀಮತಕ್ಕನಿಗೆ ಅರುವತ್ತೈದರ ಮೇಲಾಗಿತ್ತು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬೆತ್ತದ ಕುರ್ಚಿಯಲ್ಲಿ ಕೂತು, ಮನೆಯ ಜಂತಿಗಳನ್ನು ಎಣಿಸುವವರಂತೆ ನೋಡಿದರು. ಶಾಂತಾರಾಮ ಪಕ್ಕದಲ್ಲಿ ಕೂತು ತನ್ನ ಕಾಲಿನ ಹೆಬ್ಬೆರಳನ್ನು ನೋಡುತ್ತಿದ್ದ. ನೋಡಲು ಬಂದ ಗಂಡು ಇನ್ನೇನನ್ನೂ ನೋಡುವ ಪದ್ಧತಿ ಇಲ್ಲ. ಮಾಸ್ತರರು ಒಳಬಾಗಿಲ ಹಿಂದೆ ತಮ್ಮ ಎಂದಿನ ಜಾಗದಲ್ಲಿದ್ದರು. ಗಂಗಾ ಚಾಪೆಯ ಮೇಲೆ ಕೂತು ಪಲ್ಲವಿ ಹಾಡಿದಳು, ಮೊದಲ ಚರಣ ಹಾಡಿದಳು, ಪಲ್ಲವಿಗೆ ಬಂದು ನಿಲ್ಲಿಸಿದಳು.

ಎಷ್ಟು ಅಚ್ಚುಕಟ್ಟಾಗಿ ನಿಲ್ಲಿಸಿದಳೆಂದರೆ ಹೆಗಡೆಯವರು ತಡೆದಿದ್ದ ಉಸಿರು ಬಿಟ್ಟದ್ದು ಬಾಗಿಲ ಹಿಂದಕ್ಕೂ ಕೇಳಿಸಿತು. ಮಾಸ್ತರರು ಪೆಟ್ಟಿಗೆ ಮಡಚಲು ಕೈಹಾಕಿದರು.

"ಮುಂದಿಂದು?" ಎಂದರು ಶ್ರೀಮತಕ್ಕ.

ಹೆಗಡೆಯವರು ಬಾಗಿಲ ಕಡೆ ನೋಡಿದರು.

"ಅಲ್ಲ ತಂಗಿ, ಈ ವಾರ ಹೊನ್ನಾವರದಲ್ಲಿ ಮೂರು ಮನೆಗೆ ಹೋಗಿ ಬಂಜ್ಯ. ಮೂರೂ ಮನೇಲಿ ಇದೇ ಹಾಡು. ಮೂರೂ ಮನೇಲಿ ಕೃಷ್ಣ ಬೆಣ್ಣೆ ತಿಂದ್ಕಂಡು ಆರಾಮ ಇದ್ದ. ಮನೇಲಿ ಹೇಳೂರು ಕೇಳೂರು ಇಲ್ಯಾ ಅವಂಗೆ? ಮುಂದೆ ಎಂತ ಆತು?"

ಗಂಗಾ ತಲೆ ತಗ್ಗಿಸಿದಳು. "ನಂಗೆ ಬತ್ತಿಲ್ಲೆ."

"ಕಲಿಸಿದ ಮಾಸ್ತರಂಗೆ?"

ಇದಕ್ಕೆ ಏನು ಹೇಳಬೇಕೆಂದು ಗಂಗಾಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅವಂಗೂ ಬತ್ತಿಲ್ಲೆ ಆಗಿಕ್ಕು," ಎಂದರು ಶ್ರೀಮತಕ್ಕ. "ಬಂದಿದ್ರೆ ಕಲಿಸ್ತಿದ್ದ ಅಲ್ದ. ಅರ್ಧ ಹಾಡು ಇಟ್ಕಂಡು ಊರು ತುಂಬ ಪಾಠ ಹೇಳ್ತ, ಪಾಪ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ವೆಂಕಟ್ರಮಣ ಹೆಗಡೆಯವರು. ಮುಳುಗುತ್ತಿದ್ದವನಿಗೆ ಕಾಲಡಿ ನೆಲ ಸಿಕ್ಕ ಹಾಗೆ ನಕ್ಕರು. ಸಂಬಂಧ ಕೂಡಿಬಂದ ಹಾಗೆಯೇ ಇತ್ತು, ಇನ್ನು ಉಪ್ಪಿಟ್ಟು ತರುವುದೊಂದು ಬಾಕಿ. ಬಾಗಿಲ ಹಿಂದೆ ಹರಿಹರ ಮಾಸ್ತರರ ಕಿವಿ ಬಿಸಿಯಾಯಿತು. ತನ್ನನ್ನು ಆಡಿಕೊಂಡದ್ದಕ್ಕಲ್ಲ, ಅದು ಅವರಿಗೆ ರೂಢಿಯಾಗಿತ್ತು. ಮೂವತ್ತು ವರ್ಷ ಕಾದು ಪಡೆದದ್ದನ್ನು, ಅದು ಬರುವ ಹುಡುಗಿಯ ಬಾಯಿಂದಲೇ ಬತ್ತಿಲ್ಲೆ ಎನ್ನಿಸಿದವನು ತಾನು. ಗುರುಗಳು ಇದ್ದಿದ್ದರೆ ಸೌಟು ತೆಗೆದುಕೊಂಡು ಬರುತ್ತಿದ್ದರು. ಮಾಸ್ತರರಿಗೆ ನಾಚಿಕೆಯಾಯಿತು. ನಾಚಿಕೆ ಸಿಟ್ಟಾಯಿತು. ಅವರು ಶ್ರುತಿಪೆಟ್ಟಿಗೆಯನ್ನು ಎತ್ತಿಕೊಂಡು ಬಾಗಿಲು ದಾಟಿ ಈಚೆ ಬಂದು ನಡುಮನೆಯಲ್ಲಿ ನಿಂತರು. ಹೆಣ್ಣು ನೋಡುವ ಮನೆಯಲ್ಲಿ ಅವರು ಹೀಗೆ ಹೊರಗೆ ಬಂದದ್ದು ಆವತ್ತೇ ಮೊದಲು.

"ಅಕ್ಕಾ, ಗಂಗಾಂಗೆ ಬತ್ತು. ಐದು ಚರಣಾನೂ ಬತ್ತು. ಬತ್ತಿಲ್ಲೆ ಹೇಳು ಹೇಳಿದವ ನಾನು."

"ಮಾಸ್ತರ್ರೆ!" ಎಂದರು ಹೆಗಡೆಯವರು.

"ಕಿವೀನೂ ಕೇಳ್ತು," ಎಂದರು ಮಾಸ್ತರರು. ಇದನ್ನು ಅವರನ್ನು ಯಾರೂ ಕೇಳಿರಲಿಲ್ಲ.

ಶ್ರೀಮತಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಂದರು. "ಓಹೋ. ಹೆಬಳೆಯವು ಹೇಳಿದ ಕೆಪ್ಪು ಕೂಸು ಇದೇಯನ?"

ಹೆಗಡೆಯವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಶಾಂತಾರಾಮ ಹೆಬ್ಬೆರಳು ಬಿಟ್ಟು ಗಂಗಾಳನ್ನು ನೋಡಿದ.

"ಹಂಗಾರೆ ಹಾಡ್ಲಿ," ಎಂದರು ಶ್ರೀಮತಕ್ಕ.

ಗಂಗಾ ಅಪ್ಪನ ಕಡೆ ನೋಡಿದಳು. ಹೆಗಡೆಯವರು ಯಾವ ಕಡತಕ್ಕೂ ಹೌದು ಎನ್ನದೆ ಅಲ್ಲ ಎನ್ನದೆ ಇಪ್ಪತ್ತು ವರ್ಷ ಕಳೆದವರು. ಈಗಲೂ ಹಾಗೆಯೇ ಗೋಡೆಯ ಕಡೆ ನೋಡಿದರು. ಮಾಸ್ತರರು ಚಾಪೆಯ ಪಕ್ಕ ನೆಲದ ಮೇಲೆ ಕೂತು ಪೆಟ್ಟಿಗೆ ಒತ್ತಿದರು. ಗಂಗಾ ಎರಡನೆಯ ಚರಣ ಎತ್ತಿಕೊಂಡಳು.

ಗೋಪಿಯರು ಬಂದು ಚಾಡಿ ಹೇಳಿದರು. ಯಶೋದೆ ಕೋಲು ಹಿಡಿದು ಹೊರಟಳು. ಮಹಾಲಕ್ಷ್ಮೀ ಉಪ್ಪಿಟ್ಟಿನ ತಟ್ಟೆಗಳನ್ನು ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತವಳು ನಿಂತೇ ಇದ್ದಳು. ಪಾಠ ಹೇಳುವವರ ಅಭ್ಯಾಸದಂತೆ ಮಾಸ್ತರರ ತುಟಿಗಳು ದನಿಯಿಲ್ಲದೆ ಅವಳ ಜೊತೆಗೇ ಹಾಡುತ್ತಿದ್ದವು. ಕಾಪಿ ಕಳೆಯಿತು, ಕಾನಡ ಕಳೆಯಿತು. ಗಂಗಾ ಉಸಿರು ತೆಗೆದುಕೊಂಡು ನಾಲ್ಕನೆಯ ಚರಣಕ್ಕೆ ಕಾಲಿಟ್ಟಳು, ಮತ್ತು ಮಾಸ್ತರರ ತುಟಿ ನಿಂತಿತು.

ಮುಂದಿನ ಮಾತು ಅವರಿಗೆ ಬರಲಿಲ್ಲ. ಸಾಹಿತ್ಯ ಬರಲಿಲ್ಲ, ಬೇಗಡೆ ಬರಲಿಲ್ಲ. ತಡಕಿದರು, ಕೈಗೆ ಸಿಕ್ಕಿದ್ದು ಮೋಹನ. ದಿನಕ್ಕೆ ನಾಲ್ಕು ಮನೆಯಲ್ಲಿ ಒಂಬತ್ತು ವರ್ಷ ಮೊದಲ ಚರಣ ಹಾಡಿದ ಬಾಯಿ ಅದು. ಉಳಿದದ್ದನ್ನು ಗಂಗಾಳಿಗೆ ಕೊಟ್ಟ ಮೇಲೆ ಅವರು ಒಮ್ಮೆಯೂ ಹಾಡಿಕೊಂಡಿರಲಿಲ್ಲ. ಅವಳಿಗೆ ಬರುತ್ತದಲ್ಲ ಎಂಬ ನೆಮ್ಮದಿಯಲ್ಲಿ ಒಂದೂಕಾಲು ವರ್ಷ ಕಳೆದಿದ್ದರು, ಆ ನೆಮ್ಮದಿಯಲ್ಲೇ ಅದು ಹೋಗಿತ್ತು. ಐವತ್ತೊಂಬತ್ತು ವರ್ಷದ ಹರಿಹರ ಭಟ್ಟರು ಪೆಟ್ಟಿಗೆ ಒತ್ತುವುದೊಂದನ್ನು ಬಿಡದೆ, ತಮ್ಮ ಗುರುಗಳ ಹಾಡನ್ನು ಮೊದಲ ಸಲ ಕೇಳುವವರ ಹಾಗೆ ಕೇಳಿದರು. ಹಗ್ಗ ಎರಡು ಬೆರಳು ಸಾಲಲಿಲ್ಲ. ಯಶೋದೆ ಇನ್ನೊಂದು ಹಗ್ಗ ತಂದಳು. ಮುಂದೇನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು, ಯಾವ ಮಾತಿನಲ್ಲಿ, ಯಾವ ಸ್ವರದಲ್ಲಿ ಆಗುತ್ತದೆ ಎಂದು ಗೊತ್ತಿರಲಿಲ್ಲ. ಗಂಗಾ ಹೇಳಿದಳು. ಮಗ ಹೊಟ್ಟೆ ಒಳಗೆಳೆದುಕೊಂಡ. ಮಾಸ್ತರರು ಎಲ್ಲರೆದುರು ಅತ್ತರು, ಮುಖ ತೊಳೆಯಲು ಬಾವಿಕಟ್ಟೆಗೆ ಎದ್ದುಹೋಗಲಿಲ್ಲ.

ಮಧ್ಯಮಾವತಿಯಲ್ಲಿ ಅಂಕಿತ ಹಾಡಿ ಗಂಗಾ ಕೈಮುಗಿದಳು. ಮಾಸ್ತರರು ಶ್ರುತಿಪೆಟ್ಟಿಗೆ ಒತ್ತುತ್ತಲೇ ಇದ್ದರು.

"ಹೊಟ್ಟೆ ಒಳಗೆ ತಕ್ಕಂಡ್ನಡ," ಎಂದು ಶ್ರೀಮತಕ್ಕ ತಮ್ಮಷ್ಟಕ್ಕೇ ಹೇಳಿಕೊಂಡರು. ಸೆರಗಿನಿಂದ ಮೂಗು ಒರೆಸಿಕೊಂಡರು. ಆಮೇಲೆ ಬಾಗಿಲ ಕಡೆ ತಿರುಗಿ, "ಉಪ್ಪಿಟ್ಟು ತಣದೋತು. ಬಿಸಿ ಮಾಡ್ಕಂಡು ಬನ್ನಿ," ಎಂದರು. ಹೊರಡುವಾಗ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ, ಕಾಗದ ಬರೆಯುತ್ತೇವೆ ಎಂದರು. ವೆಂಕಟ್ರಮಣ ಹೆಗಡೆಯವರು ಎಂಟು ದಿನ ಮಾಸ್ತರರೊಂದಿಗೆ ಮಾತಾಡಲಿಲ್ಲ.

ಒಂಬತ್ತನೆಯ ದಿನ ಕಾಗದ ಬಂತು. ಸಂಬಂಧ ಒಪ್ಪಿಗೆ, ವೈಶಾಖದಲ್ಲಿ ಮುಹೂರ್ತ, ಹುಡುಗಿಗೆ ಸಂಗೀತ ಬಿಡಿಸುವ ವಿಚಾರ ತಮಗಿಲ್ಲ, ಉಪ್ಪಿಟ್ಟಿಗೆ ಉಪ್ಪು ಮುಂದಾಗಿತ್ತು ಎಂದು ಬರೆದಿತ್ತು. ಹೆಗಡೆಯವರು ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಮಾಸ್ತರರ ಕೋಣೆಗೆ ಓಡಿದರು. ಕೋಣೆಗೆ ಬೀಗ ಹಾಕಿತ್ತು. ತಿರುಗಿ ಮನೆಗೆ ಬಂದರೆ ಮಾಸ್ತರರು ಅಲ್ಲೇ ಇದ್ದರು. ಒಳಗಿನ ಕೋಣೆಯ ಚಾಪೆಯ ಮೇಲೆ, ಶಿಷ್ಯರು ಕೂರುವ ಬದಿಯಲ್ಲಿ, ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಗಂಗಾ ಎದುರಿಗಿದ್ದಳು.

"ನಾಲ್ಕನೇದು ಹೋಜು ಗಂಗಾ," ಎಂದು ಮಾಸ್ತರರು ಬಂದ ಕೂಡಲೇ ಹೇಳಿದ್ದರು, ಕೊಡೆ ಮರೆತುಹೋದವರ ದನಿಯಲ್ಲಿ. "ಒಂದ್ಸಲ ಹೇಳಿಕೊಡು."

ಗಂಗಾ ನಕ್ಕಿರಲಿಲ್ಲ. ಶ್ರುತಿಪೆಟ್ಟಿಗೆಯನ್ನು ತನ್ನ ಕಡೆಗೆ ಎಳೆದುಕೊಂಡು ಮೊದಲ ಸಾಲು ಹಾಡಿದ್ದಳು. ಹೆಗಡೆಯವರು ಕಾಗದ ಹಿಡಿದು ಬಾಗಿಲಲ್ಲಿ ನಿಂತಾಗ ಮಾಸ್ತರರು ಕಣ್ಣುಮುಚ್ಚಿ ಅದೇ ಸಾಲು ಒಪ್ಪಿಸುತ್ತಿದ್ದರು.

"ನಿಷಾದ ಇಳದೋತು ಮಾಸ್ತರ್ರೆ," ಎಂದಳು ಗಂಗಾ. "ಮತ್ತೊಂದ್ಸಲ."

ಮಾಸ್ತರರು ಮತ್ತೊಂದು ಸಲ ಹಾಡಿದರು. ವೈಶಾಖದ ಮುಹೂರ್ತಕ್ಕೆ ಇನ್ನು ಎಪ್ಪತ್ತು ದಿನ ಇತ್ತು. ಮೈಸೂರಿನಲ್ಲಿ ಅವರಿಗೆ ಬೇಗಡೆ ಬರಲು ಎರಡು ವರ್ಷ ಹಿಡಿದಿತ್ತು.